ಅಜ್ಜಿಯ ವಯಸ್ಸನ್ನು ನಾನು ಸಾಬೀತುಪಡಿಸಿದ್ದು

ನಮ್ಮೂರಲ್ಲಿ ಈ ಕತೆಯನ್ನು ಯಾರು ಹೇಳಿದರೂ ಹೀಗೆಯೇ ಹೇಳುತ್ತಾರೆ: ನಂಜಮ್ಮಜ್ಜಿ ನಾಚಿಕೆಪಟ್ಟು ಕಾಯಿಲೆ ಮುಚ್ಚಿಟ್ಟುಕೊಂಡಿದ್ದಳು, ಕಾಲೇಜು ಓದಿದ ಮೊಮ್ಮಗಳು ಕಂಡುಹಿಡಿದು ಹಾಸನದ ಆಸ್ಪತ್ರೆಗೆ ಸೇರಿಸಿ ಉಳಿಸಿಕೊಂಡಳು. ಆ ಮೊಮ್ಮಗಳು ನಾನು. ಮದುವೆಗೆ ಹೋಗಲಿ, ತಿಥಿಗೆ ಹೋಗಲಿ, ಯಾರಾದರೊಬ್ಬರು ಪಕ್ಕದವರಿಗೆ ನನ್ನನ್ನು ತೋರಿಸಿ ಈ ಮಾತು ಹೇಳುತ್ತಾರೆ. ನಾನು ತಲೆ ತಗ್ಗಿಸಿದರೆ ವಿನಯ ಅಂದುಕೊಳ್ಳುತ್ತಾರೆ.

ವಾದ ಮಾಡುವುದನ್ನೇ ಕಲಿತವಳಾಗಿ ಹೇಳುತ್ತೇನೆ, ಈ ಕತೆಯಲ್ಲಿ ನಿಲ್ಲುವ ವಾಕ್ಯ ಒಂದೂ ಇಲ್ಲ. ಅಜ್ಜಿ ಮುಚ್ಚಿಡಲಿಲ್ಲ. ತನ್ನಿಂದ ಆಗುವ ಮಟ್ಟಿಗೆ ನಾಲ್ಕು ಜನರ ಮುಂದೆ ಬಂದು ನಿಂತು ಕೇಳಿದ್ದಳು. ಕೇಳಿದ್ದನ್ನು ಸಿಗದಂತೆ ಮಾಡಿದವಳು ನಾನು. ಮುಂದಿನ ಒಂದೂಮುಕ್ಕಾಲು ವರ್ಷ ಅವಳು ಪಟ್ಟ ಪಾಡಿಗೆ 'ನಾಚಿಕೆ' ಎಂದು ಹೆಸರಿಟ್ಟು ನಾವೆಲ್ಲ ಕೈ ತೊಳೆದುಕೊಂಡೆವು.

ಕಾಯಿಲೆಯ ಹೆಸರನ್ನು ಮೊದಲೇ ಬರೆದುಬಿಡುತ್ತೇನೆ. ಗರ್ಭಕೋಶ ಜಾರುವುದು. ನಮ್ಮ ಕಡೆ ಹೆಂಗಸರು 'ಕೆಳಗಿನ ತೊಂದ್ರೆ' ಅನ್ನುತ್ತಾರೆ, ಅದನ್ನೂ ಅರ್ಧ ನುಂಗಿಕೊಂಡು. ಇದನ್ನು ಓದುವವರಲ್ಲಿ ಯಾರಾದರೂ ಹಳೆ ಸೀರೆ ಹರಿದು ಮಡಿಸಿ ಇಟ್ಟುಕೊಂಡು, ಬಸ್ಸು ಹತ್ತಲು ಹೆದರಿಕೊಂಡು, ನಡೆಯುವಾಗ ಒಂದು ಕೈಯನ್ನು ಹೊಟ್ಟೆಯ ಕೆಳಗೆ ಒತ್ತಿಕೊಂಡು ಓಡಾಡುತ್ತಿದ್ದರೆ, ನೀವು ಒಬ್ಬರೇ ಅಲ್ಲ. ಈ ಮಾತು ಹೇಳುವ ಯೋಗ್ಯತೆ ನನಗಿಲ್ಲ. ಆದರೂ ಹೇಳುತ್ತಿದ್ದೇನೆ.

ಎರಡು ಸಾವಿರದ ನಾಲ್ಕರ ಸುಮಾರು. ನಾನು ಹಾಸನದಲ್ಲಿ ಬಿ.ಎ. ಮೊದಲನೇ ವರ್ಷ. ಹಳ್ಳಿಮೈಸೂರು ಹೋಬಳಿಯ ನಮ್ಮೂರಿನಿಂದ ಹೊಳೆನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಪಾಠಕ್ಕಿಂತ ಹೆಚ್ಚು ನಾನು ಕಲಿತದ್ದು ಚರ್ಚಾಸ್ಪರ್ಧೆ. ಪರವೋ ವಿರೋಧವೋ, ಚೀಟಿ ಎತ್ತಿದ ಮೇಲೆ ಯಾವ ಕಡೆ ಬಂದರೂ ಗೆಲ್ಲುತ್ತಿದ್ದೆ. ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿ ಸ್ಪರ್ಧೆ ಇದ್ದರೂ ದೊಡ್ಡಪ್ಪ ತಮ್ಮ ಟಿವಿಎಸ್ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಹಿಂದಿನ ಸಾಲಿನಲ್ಲಿ ಟವೆಲ್ ಮಡಿಲಲ್ಲಿಟ್ಟುಕೊಂಡು ಕೂತು, ನಾನು ಮಾತಾಡುವಾಗ ತುಟಿ ಅಲ್ಲಾಡಿಸುತ್ತಿದ್ದರು. ಅಪ್ಪ ಮೇಷ್ಟ್ರ ಕೆಲಸದ ಮೇಲೆ ಸಕಲೇಶಪುರದ ಕಡೆ ಇದ್ದುದರಿಂದ ಮನೆ, ಹಸು, ಗದ್ದೆ, ಅಜ್ಜಿ, ನಾನು, ಎಲ್ಲ ದೊಡ್ಡಪ್ಪನ ಜವಾಬ್ದಾರಿ.

ಆ ವರ್ಷ ನಾನು ಗೆದ್ದ ವಿಷಯ: 'ಸರ್ಕಾರದ ಸಹಾಯಧನ ಬಡವರಿಗಿಂತ ಸುಳ್ಳರಿಗೇ ತಲುಪುತ್ತದೆ.' ನಾನು ಪರ.

ಅದರ ಹಿಂದಿನ ವರ್ಷವಷ್ಟೇ ಸಹಕಾರ ಸಂಘದ ಸದಸ್ಯರಿಗೆಂದು ಆಪರೇಷನ್ನಿನ ವಿಮೆ ಬಂದಿತ್ತು. ವರ್ಷಕ್ಕೊಮ್ಮೆ ಒಂದಿಷ್ಟು ಕಟ್ಟಿದರೆ ಸರ್ಕಾರ ತನ್ನ ಪಾಲು ಸೇರಿಸುತ್ತದೆ, ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ನಮ್ಮ ಕೈಯಿಂದ ಕೊಡಬೇಕಾಗಿಲ್ಲ. ಒಂದೇ ಷರತ್ತು, ಎಪ್ಪತ್ತೈದು ದಾಟಿರಬಾರದು. ನಮ್ಮೂರ ಹಾಲಿನ ಡೈರಿಯಲ್ಲೇ ಹೆಸರು ಬರೆಸಬೇಕು. ವರ್ಷದಲ್ಲಿ ಒಂದು ತಿಂಗಳು ಮಾತ್ರ.

ಹಿಂದಿನ ಬೀದಿಯ ಸಾಕಮ್ಮ ಆ ವಿಮೆಯಲ್ಲೇ ಗರ್ಭಕೋಶ ತೆಗೆಸಿಕೊಂಡು ಬಂದಿದ್ದಳು. ಅಜ್ಜಿ ಅವಳನ್ನು ನೋಡಲು ಎರಡು ಸಲ ಹೋದಳು. ಮೂರನೆಯ ದಿನ ಬೆಳಗ್ಗೆ ಪೆಟ್ಟಿಗೆಯಲ್ಲಿದ್ದ ನೀಲಿ ಸೀರೆ ಉಟ್ಟು, ಓಟಿನ ಗುರುತಿನ ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡು, ಹಾಲು ಹಾಕಲು ಹೊರಟ ದೊಡ್ಡಪ್ಪನ ಹಿಂದೆ ಹೊರಟಳು. ನಾನೂ ಜೊತೆಗೆ ಹೋದೆ. ಭಾನುವಾರ, ಕಾಲೇಜಿರಲಿಲ್ಲ.

ಡೈರಿಯಲ್ಲಿ ಹಾಲು ಹಾಕುವವರ ಸಾಲು. ಸೆಕ್ರೆಟರಿ ಚನ್ನಪ್ಪ ಒಂದು ಕೈಯಲ್ಲಿ ಹಾಲಿನ ಡಿಗ್ರಿ ನೋಡುತ್ತ ಇನ್ನೊಂದು ಕೈಯಲ್ಲಿ ಅರ್ಜಿ ತುಂಬುತ್ತಿದ್ದ. ಅಜ್ಜಿ ಚೀಟಿ ಕೊಟ್ಟಳು.

"ಏನ್ ನಂಜಕ್ಕ, ನಿಂಗೂ ಆಪ್ರೇಸನ್ ಮಾಡಿಸ್ಕಳೋ ಆಸೆ ಬಂತಾ?" ಅಂದ ಚನ್ನಪ್ಪ.

"ಇರ್ಲಿ ಕಣಪ್ಪ, ಒಂದು ಬರ್ಕೊ."

ಚನ್ನಪ್ಪ ಚೀಟಿ ನೋಡಿ ಎಪ್ಪತ್ತೊಂದು ಅಂತ ಬರೆಯಹೊರಟ. ನಾನು ಬಗ್ಗಿ ನೋಡಿದೆ. ಅಷ್ಟರಲ್ಲಿ ಅವನು ನನ್ನ ಮುಂದೆಯೇ ಮೂವರು ಮುದುಕರಿಗೆ ಕಣ್ಣಳತೆಯಲ್ಲಿ ವಯಸ್ಸು ಬರೆದಿದ್ದ. ನನಗೆ ಮೈಯೆಲ್ಲ ತುರಿಸಿದಂತಾಯಿತು. ಇದು ನನ್ನ ವಿಷಯ, ನಾನು ಗೆದ್ದ ವಿಷಯ.

"ಒಂದ್ನಿಮಿಷ ಚನ್ನಪ್ಪಣ್ಣ. ಈ ಚೀಟಿ ಪ್ರಕಾರ ಅಜ್ಜಿಗೂ ದೊಡ್ಡಪ್ಪನಿಗೂ ಹದಿನಾಲ್ಕೇ ವರ್ಷದ ವ್ಯತ್ಯಾಸ. ಗಮನಿಸಿದ್ರಾ?"

"ಅದ್ಯಾರ್ ನೋಡ್ತಾರವ್ವ?"

"ನೋಡ್ಬೇಕಲ್ಲ. ಸರ್ಕಾರದ ಪಾಲು ಅಂದ್ರೆ ಎಲ್ಲರ ದುಡ್ಡು. ಹೀಗೆ ಊರೂರಲ್ಲಿ ಸುಳ್ಳು ವಯಸ್ಸು ಬರೆದ್ರೆ ಈ ಯೋಜನೆ ನಾಲ್ಕು ವರ್ಷಾನೂ ಬದುಕಲ್ಲ. ನಿಜವಾಗ್ಲೂ ಬೇಕಾದವರಿಗೆ ಆಗ ಏನು ಉಳಿಯುತ್ತೆ?"

ಸಾಲಿನಲ್ಲಿದ್ದವರು ಈ ಕಡೆ ತಿರುಗಿದರು. ಸಭಿಕರು ತಿರುಗಿದರೆ ನನಗೆ ತಡೆಯುವುದಕ್ಕಾಗುತ್ತಿರಲಿಲ್ಲ. ಅಜ್ಜಿಯನ್ನು ಕೇಳಿದೆ, "ಅಜ್ಜೀ, ಸ್ವಾತಂತ್ರ್ಯ ಬಂದ ದಿನ ಸ್ಕೂಲಲ್ಲಿ ಪೆಪ್ಪರಮೆಂಟು ಹಂಚಿದ್ರು ಅಂತ ಹೇಳ್ತಿದ್ಯಲ್ಲ, ಅವತ್ತು ನಿನ್ ಸೊಂಟದ ಮೇಲೆ ಯಾರಿದ್ರು?"

ಅಜ್ಜಿ ನನ್ನನ್ನು ನೋಡಿದಳು. "ನಿಮ್ ದೊಡ್ಡಪ್ಪ."

"ದೊಡ್ಡಪ್ಪ ಎಷ್ಟನೇ ಮಗು?"

ಅವಳು ಚೀಟಿಗೆ ಕೈ ಚಾಚಿದಳು. ದೊಡ್ಡಪ್ಪ ಕ್ಯಾನು ಕೆಳಗಿಟ್ಟರು. "ಬುಡು ಮಗಾ. ಬರ್ಕಳ್ಲಿ, ಏನೀಗ."

"ಇಲ್ಲ ದೊಡ್ಡಪ್ಪ, ನೀವೇ ನನ್ನ ಸಾಕ್ಷಿ. ಇಬ್ಬರು ಅತ್ತೆಯಂದಿರು ಆದ್ಮೇಲೆ ನೀವು. ಅಜ್ಜಿಯ ಮೂರನೇ ಮಗು, ಹೌದೋ ಅಲ್ವೋ?"

ದೊಡ್ಡಪ್ಪ ಅಜ್ಜಿಯ ಕಡೆ ನೋಡಿದರು. ಅಜ್ಜಿ ನೆಲ ನೋಡುತ್ತಿದ್ದಳು.

"ಔದು," ಅಂದರು.

"ಹಾಗಾದ್ರೆ ಈ ಚೀಟಿ ಪ್ರಕಾರ ಅಜ್ಜಿ ಹದಿನಾಲ್ಕನೇ ವಯಸ್ಸಿಗೆ ಮೂರನೇ ಹೆರಿಗೆ ಮಾಡ್ಕೊಂಡಿದ್ದಾಳೆ!"

ಡೈರಿಗೆ ಡೈರಿಯೇ ನಕ್ಕಿತು. ಯಾರೋ ಹಿಂದಿನಿಂದ, "ನಂಜಕ್ಕ ಭಾರಿ ಜೋರು ಕಣ್ಲಾ!" ಅಂದರು. ನಾನು ಬೆರಳು ಮಡಿಸಿ ಲೆಕ್ಕ ಹೇಳಿದೆ. ಮೊದಲ ಹೆರಿಗೆಗೆ ಕಡಿಮೆ ಅಂದರೂ ಹದಿನೈದು, ಮೂರನೆಯದಕ್ಕೆ ಇಪ್ಪತ್ತು, ಸ್ವಾತಂತ್ರ್ಯದ ವರ್ಷದಿಂದ ಇಲ್ಲಿಗೆ ಐವತ್ತೇಳು. ಒಟ್ಟು ಎಪ್ಪತ್ತೇಳು. ಚನ್ನಪ್ಪ ಪೆನ್ನಿನ ಮುಚ್ಚಳ ಹಾಕಿದ. "ಇಷ್ಟು ಜನದ ಮುಂದೆ ಹೇಳಿದ್ಮೇಲೆ ನಾನೆಂಗವ್ವಾ ಬರೀಲಿ? ನಾಳೆ ನನ್ ಕೆಲಸಕ್ಕೆ ಸಂಚಕಾರ."

ಅಜ್ಜಿ ಚೀಟಿಯನ್ನು ವಾಪಸು ಸೆರಗಿಗೆ ಕಟ್ಟಿಕೊಂಡಳು. ದಾರಿಯಲ್ಲಿ ನಾನು ಪ್ರಾಮಾಣಿಕತೆಯ ಬಗ್ಗೆ ಇನ್ನೂ ಏನೇನೋ ಹೇಳುತ್ತಿದ್ದೆ. ಅವಳು ಹಿಂದೆ ಉಳಿದಿದ್ದಳು. ಯಾಕೆ ನಿಧಾನ ಅಂತ ಕೇಳಲಿಲ್ಲ.

ಮುಂದಿನದೆಲ್ಲ ಕಣ್ಣ ಮುಂದೆಯೇ ಇತ್ತು. ಅಜ್ಜಿ ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯುವುದನ್ನು ಬಿಟ್ಟಳು, ದೊಡ್ಡಮ್ಮ "ಮಂಡಿ ನೋವಿರ್ಬೇಕು" ಅಂದರು. ಚನ್ನರಾಯಪಟ್ಟಣದ ಅತ್ತೆಯ ಮನೆಯ ಗೃಹಪ್ರವೇಶಕ್ಕೆ ಬರುವುದಿಲ್ಲ ಅಂದಳು, ಅತ್ತೆಗೆ ಸಿಟ್ಟು ಬಂತು. ಊಟಕ್ಕೆ ಕೂತವಳು ಎರಡು ಸಲ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಹಿತ್ತಲ ಬೇಲಿಯ ಒಳಮಗ್ಗುಲಲ್ಲಿ, ಯಾರಿಗೂ ಕಾಣದ ಕಡೆ, ಹರಿದ ಬಟ್ಟೆಯ ತುಂಡುಗಳು ಒಣಗುತ್ತಿದ್ದವು. ನಾನು ನೋಡಿದ್ದೆ. ಒಲೆ ಒರೆಸುವ ಬಟ್ಟೆ ಅಂದುಕೊಂಡೆ. ಎಲ್ಲರ ವಾಕ್ಯದಲ್ಲೂ ತಪ್ಪು ಹುಡುಕುತ್ತಿದ್ದ ನನಗೆ ಇಷ್ಟು ಬಟ್ಟೆ ಯಾಕೆ ಅಂತ ಒಂದು ಪ್ರಶ್ನೆ ಹುಟ್ಟಲಿಲ್ಲ.

ಎರಡು ಬೇಸಿಗೆ ಕಳೆದ ಮೇಲೆ ಒಂದು ಮಧ್ಯಾಹ್ನ ಜ್ವರದಲ್ಲಿ ನಡುಗುತ್ತ ಮಲಗಿದವಳಿಗೆ ಮೂತ್ರ ಕಟ್ಟಿಹೋಯಿತು. ಆಗ ಸಾಕಮ್ಮನನ್ನು ಕರೆಸಿದರು. ಅವಳು ಒಳಗೆ ಹೋಗಿ ನೋಡಿ ಆಚೆ ಬಂದು, ದೊಡ್ಡಮ್ಮನನ್ನು ಬಿಟ್ಟು ನೇರ ನನ್ನ ಮುಖಕ್ಕೆ ಹೇಳಿದಳು: "ನಾನ್ ಆಗ್ಲೇ ಏಳಿದ್ದೆ, ಡೈರೀಲಿ ಬರೆಸ್ಕೋ ನಂಜಕ್ಕ ಅಂತ. ಬರೆಸ್ಕಳಾಕೆ ಓಗಿ ನಗಿಸ್ಕಂಡು ಬಂತಂತಲ್ಲ."

ಅಜ್ಜಿ ಆ ದಿನ ಯಾತಕ್ಕೆ ನೀಲಿ ಸೀರೆ ಉಟ್ಟಿದ್ದಳು ಅನ್ನುವುದು ನನಗೆ ತಿಳಿದದ್ದು ಹಾಗೆ.

ಹಾಸನದ ಆಸ್ಪತ್ರೆಯ ಹೆಂಗಸರ ವಿಭಾಗದ ಮುಂದೆ ಎರಡು ಮರದ ಬೆಂಚು. ಮೂತ್ರಕ್ಕೆ ಕೊಳವೆ ಹಾಕಿ ಜ್ವರ ಇಳಿಸಿದ ಮೇಲೆ ದೊಡ್ಡ ಡಾಕ್ಟರು ನೋಡಬೇಕು ಅಂತ ಅಲ್ಲಿ ಕೂರಿಸಿದರು. ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಕೂತಳು. ಪಕ್ಕದಲ್ಲಿ ಅರಕಲಗೂಡಿನ ಕಡೆಯ ಒಬ್ಬ ದಪ್ಪನೆಯ ಹೆಂಗಸು ಎಲೆಅಡಿಕೆ ಚೀಲ ಬಿಚ್ಚಿಕೊಂಡಿದ್ದಳು.

"ಏನಜ್ಜಿ, ನಿಂದೂ ಜಾರಿರದಾ?" ಅಂತ ಜೋರಾಗಿಯೇ ಕೇಳಿದಳು.

ಅಜ್ಜಿ ಬೆಚ್ಚಿಬಿದ್ದು ನನ್ನ ಕಡೆ ನೋಡಿದಳು.

"ನಾಚ್ಕೆ ಯಾಕಜ್ಜಿ, ಈ ಬೆಂಚಲ್ಲಿ ಕೂತಿರೋರೆಲ್ಲ ಅದೇ ಗಿರಾಕಿಗಳೇ. ನಂದು ಏಳು ವರ್ಷ. ಬಸ್ಸಲ್ಲಿ ಕೂತ್ರೆ ಕಾವಿಗೆ ಕೂತ ಕೋಳಿ ಆಗೋಯ್ತೀನಿ. ಅಲ್ಲಾಡಂಗಿಲ್ಲ, ಏಳಂಗಿಲ್ಲ!"

ಅಜ್ಜಿಯ ಹೊಟ್ಟೆ ಕುಲುಕಿತು. ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ನಕ್ಕರೆ ನೋವಾಗುತ್ತಿತ್ತು, "ಸುಮ್ಕಿರವ್ವ, ನಗಿಸ್ಬ್ಯಾಡ" ಅಂತ ಅವಳ ತೊಡೆಗೆ ತಟ್ಟಿದಳು. ಆ ಎರಡು ಗಂಟೆಯಲ್ಲಿ ಅವರಿಬ್ಬರೂ ಬಟ್ಟೆ ಹೇಗೆ ಮಡಿಸಬೇಕು, ಯಾವ ಸೊಪ್ಪಿನ ನೀರಲ್ಲಿ ತೊಳೆದರೆ ಉರಿ ಕಡಿಮೆ, ಎಲ್ಲ ಮಾತಾಡಿಕೊಂಡರು. ನನ್ನ ಹತ್ತಿರ ಆಡದ ಮಾತುಗಳು. ಆ ಹೆಂಗಸಿನ ಹೆಸರು ನಾನು ಕೇಳಲಿಲ್ಲ. ಅಜ್ಜಿಗೆ ಅವಳು ಕೊಟ್ಟಷ್ಟನ್ನು ಆ ಎರಡು ವರ್ಷದಲ್ಲಿ ನಮ್ಮ ಮನೆಯಲ್ಲಿ ಯಾರೂ ಕೊಟ್ಟಿರಲಿಲ್ಲ.

ಒಳಗೆ ಡಾಕ್ಟರಮ್ಮ ಪರೀಕ್ಷೆ ಮಾಡುವ ಮುಂಚೆ ಬರೆದುಕೊಳ್ಳುತ್ತ ಕೇಳಿದರು. "ಹೆರಿಗೆ ಎಷ್ಟಾಗಿದೆ ಅಜ್ಜಿ?"

ಅಜ್ಜಿ ಬಾಗಿಲ ಹತ್ತಿರ ಚೀಟಿ ಹಿಡಿದು ನಿಂತಿದ್ದ ದೊಡ್ಡಪ್ಪನನ್ನು ನೋಡಿ, "ಐದು ಕಣವ್ವ" ಅಂದಳು. ಆಮೇಲೆ ಮೆಲ್ಲಗೆ ದೊಡ್ಡಪ್ಪನಿಗೆ, "ಲೇ ಅಪ್ಪಯ್ಯ, ಬಾಯಿ ಒಣಗ್ತಾದೆ, ಒಂದ್ ಎಳನೀರು ತತ್ತೀಯಾ?" ದೊಡ್ಡಪ್ಪ ಹೋದರು. ಅವರು ಮೆಟ್ಟಿಲು ಇಳಿಯುವ ಸದ್ದು ಕೇಳುವವರೆಗೂ ಕಾದು, ಡಾಕ್ಟರಮ್ಮನ ಕೈ ಹಿಡಿದುಕೊಂಡಳು.

"ಎಲ್ಡು ಅಂತ ಬರ್ಕೊ ತಾಯಿ. ಔಸ್ದಿ ಎಚ್ಚುಕಮ್ಮಿ ಆದಾತು ಅಂತ ಏಳ್ತಿವ್ನಿ. ಆ ಮೂರು ನಮ್ಮಕ್ಕನವು. ಅವಳು ಓದ ಮ್ಯಾಕೆ ನನ್ನ ಅದೇ ಮನೆಗೆ ಕೊಟ್ರು. ಕೂಸು ಇನ್ನೂ ಹಾಲು ಕುಡೀತಿತ್ತು, ಅವಂಗೆ ಗೊತ್ತಿಲ್ಲ. ಆಚೆ ಏಳ್ಬ್ಯಾಡಿ."

ಡಾಕ್ಟರಮ್ಮ ಐದನ್ನು ಹೊಡೆದು ಎರಡು ಅಂತ ಬರೆದರು. ಪಕ್ಕದಲ್ಲೇ ನಿಂತಿದ್ದ ನಾನು ಮಂಚದ ಕಂಬಿ ಹಿಡಿದುಕೊಂಡೆ.

ಹದಿನಾಲ್ಕು ವರ್ಷದ ಹುಡುಗಿ, ಅಕ್ಕನ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಪೆಪ್ಪರಮೆಂಟಿಗೆ ಹೋಗಿದ್ದಳು. ಗುರುತಿನ ಚೀಟಿ ಸರಿಯಾಗಿಯೇ ಇತ್ತು. ಅದು ಸುಳ್ಳು ಅನ್ನುವುದಕ್ಕೆ ನಾನು ಹಿಡಿದ ಪುರಾವೆಯೇ ಅದು ನಿಜ ಅನ್ನುವುದರ ಪುರಾವೆ. ಅಜ್ಜಿಗೆ ಅವತ್ತು ಎಪ್ಪತ್ತೊಂದೇ. 'ಅವನು ನನ್ನ ಹೊಟ್ಟೇಲಿ ಹುಟ್ಟಿದವನಲ್ಲ' ಅಂತ ಒಂದು ಮಾತು ಅಂದಿದ್ದರೆ ನನ್ನ ಲೆಕ್ಕ ಅಲ್ಲೇ ಬಿದ್ದುಹೋಗುತ್ತಿತ್ತು, ಅವಳ ಹೆಸರು ಪಟ್ಟಿ ಸೇರುತ್ತಿತ್ತು. ಅವಳು ಅನ್ನಲಿಲ್ಲ. ನಕ್ಕವರ ನಡುವೆ ನಿಂತು, ಆ ಒಂದು ಮಾತು ಉಳಿಸಿಕೊಂಡು, ಕಾಯಿಲೆಯನ್ನು ಮನೆಗೆ ವಾಪಸು ತೆಗೆದುಕೊಂಡು ಹೋದಳು.

ಇಲ್ಲಿ ನನ್ನನ್ನು ನಾನೇ ತಡೆದು ಕೇಳಬೇಕಾದ ಪ್ರಶ್ನೆ ಇದೆ. ಅಜ್ಜಿಗೆ ನಿಜವಾಗಿಯೂ ಎಪ್ಪತ್ತೇಳಾಗಿದ್ದರೆ? ಆಗ ನಾನು ಮಾಡಿದ್ದು ಸರಿಯಾಗಿಬಿಡುತ್ತಿತ್ತೇ? ಜಾರಿದ ಗರ್ಭಕೋಶ ಎಪ್ಪತ್ತೈದು ದಾಟಿದವರಿಗೆ ನೋಯುವುದಿಲ್ಲವೇ? ಎಲ್ಲರನ್ನೂ ಸೇರಿಸಿಕೊಂಡರೆ ಯೋಜನೆ ಮುಳುಗುತ್ತದೆ ಅನ್ನುವ ವಾದವನ್ನು ನಾನು ಇವತ್ತಿಗೂ ಪೂರ್ತಿ ಒಡೆಯಲಾರೆ. ಹಣ ಎಲ್ಲಿಂದಲೋ ಬರಬೇಕು, ಎಲ್ಲೋ ಒಂದು ಗೆರೆ ಬೇಕು ಅನ್ನುತ್ತಾರೆ. ಸರಿ. ಆದರೆ ಸರ್ಕಾರ ತನ್ನ ಪಾಲು ಹಾಕುವುದೇ ಕೈಲಾಗದವರ ಸಲುವಾಗಿ ಅಂದಮೇಲೆ, ಹೆಚ್ಚು ಕೈಲಾಗದವರು ನಿಂತಿರುವ ಜಾಗಕ್ಕೇ ಗೆರೆ ಬರುವುದು ಯಾಕೆ? ಚನ್ನಪ್ಪನಂಥವರು ಆ ಗೆರೆಯನ್ನು ಕಣ್ಣಳತೆಯಲ್ಲಿ ಸ್ವಲ್ಪ ಆಚೆ ಸರಿಸುತ್ತಿದ್ದರು. ಅದು ತಪ್ಪು ಅನ್ನುವುದನ್ನು ನಾನು ಒಪ್ಪುತ್ತೇನೆ. ಅವನ ತಪ್ಪಿನಿಂದ ಯಾರ ಮೈಯೂ ಹುಣ್ಣಾಗಲಿಲ್ಲ ಅನ್ನುವುದನ್ನೂ ಒಪ್ಪಬೇಕು.

ಹುಣ್ಣು ಅಂದದ್ದು ಮಾತಿಗಲ್ಲ. ಬಟ್ಟೆ ಉಜ್ಜಿ ಉಜ್ಜಿ ಹುಣ್ಣಾಗಿತ್ತು. ಅದು ಮಾಗುವವರೆಗೆ ಕತ್ತಿ ಮುಟ್ಟಿಸುವ ಹಾಗಿಲ್ಲ ಅಂದರು. ಔಷಧಿಯಲ್ಲಿ ಅದ್ದಿದ ಬಟ್ಟೆಯ ಸುರುಳಿಯನ್ನು ದಿನವೂ ಇಡಬೇಕು. ನರ್ಸಮ್ಮ ನನಗೆ ಕಲಿಸಿಕೊಟ್ಟರು. ಮನೆಗೆ ಬಂದ ಮೇಲೆ ಎರಡು ತಿಂಗಳು ಬೆಳಗ್ಗೆ ಬಾಗಿಲು ಹಾಕಿಕೊಂಡು ನಾನೇ ಇಡುತ್ತಿದ್ದೆ. ಮೊದಲ ವಾರ ಅಜ್ಜಿ ಮುಖಕ್ಕೆ ಸೆರಗು ಮುಚ್ಚಿಕೊಳ್ಳುತ್ತಿದ್ದಳು. ಆಮೇಲೆ ಮುಚ್ಚಿಕೊಳ್ಳದೆ, "ಇವತ್ತು ಕಾಲೇಜಿಲ್ವಾ?" ಅಂತ ಕೇಳತೊಡಗಿದಳು. ಒಂದು ದಿನ ನಾನು "ತಪ್ಪಾಯ್ತು ಅಜ್ಜಿ" ಅಂದೆ. "ನೋಯ್ನಿಲ್ಲ ಕಣವ್ವ, ಮಾಡು" ಅಂದಳು. ನಾನು ಯಾವುದಕ್ಕೆ ಅಂದೆ ಅಂತ ಅವಳಿಗೆ ಗೊತ್ತಿತ್ತು ಅನ್ನುವುದು ನನಗೂ ಗೊತ್ತಿತ್ತು.

ಅಷ್ಟರಲ್ಲಿ ಹೆಸರು ಬರೆಸುವ ತಿಂಗಳು ಮತ್ತೆ ಬಂತು. ನಾನೊಬ್ಬಳೇ ಡೈರಿಗೆ ಹೋದೆ. ಅದೇ ಸಾಲು.

"ಚನ್ನಪ್ಪಣ್ಣ, ಅಜ್ಜಿ ಹೆಸರು ಬರ್ಕೊಳ್ಳಿ. ವಯಸ್ಸು ಎಪ್ಪತ್ಮೂರು."

ಅವನು ಕನ್ನಡಕ ಮೇಲೆತ್ತಿ ನೋಡಿದ. "ಎಲ್ಡು ವರ್ಸದ ಇಂದೆ ಎಪ್ಪತ್ತೇಳಾಗಿತ್ತಲ್ಲವ್ವಾ? ನಿಮ್ಮಜ್ಜಿಗೆ ವಯಸ್ಸು ಇಂದಕ್ಕೆ ಓಯ್ತದಾ?"

ಮತ್ತೆ ನಗು. "ಡಿಬೇಟಮ್ಮ, ಇವತ್ತು ಪರವೋ ವಿರೋಧವೋ?" ಅಂತ ಒಬ್ಬರು. "ತಮ್ ಮನೆ ಬಾಗ್ಲಿಗೆ ಬಂದ್ರೆ ಎಲ್ಲ ನ್ಯಾಯಾನೂ ಅಷ್ಟೇ ಕಣ ಬುಡು" ಅಂತ ಇನ್ನೊಬ್ಬರು.

ಎಪ್ಪತ್ಮೂರು ನಿಜ ಅಂತ ಸಾಬೀತು ಮಾಡಲು ನನಗೆ ಒಂದು ವಾಕ್ಯ ಸಾಕಾಗಿತ್ತು. ಆ ವಾಕ್ಯ ನನ್ನದಲ್ಲ. "ಹೌದು ಚನ್ನಪ್ಪಣ್ಣ, ಅವತ್ತು ನಾನು ಹೇಳಿದ್ದು ತಪ್ಪು" ಅಂದೆ. "ಹೆಂಗ್ ತಪ್ಪು?" ಅಂದ. "ತಪ್ಪು ಅಷ್ಟೆ." ಇಡೀ ಡೈರಿಯ ಕಣ್ಣಲ್ಲಿ ನಾನು ಅಜ್ಜಿಗಾಗಿ ಸುಳ್ಳು ಹೇಳುತ್ತಿದ್ದೆ. ಚನ್ನಪ್ಪ ಒಂದು ಕ್ಷಣ ನೋಡಿ, ಚೀಟಿ ಇಸಿದುಕೊಂಡು ಬರೆದ. "ಓಗು, ನಿಮ್ಮಜ್ಜಿಗೆ ವಾಸಿಯಾಗ್ಲಿ" ಅಂದ, ಬೇರೆಯವರಿಗೆ ಕೇಳದ ಹಾಗೆ.

ಆಪರೇಷನ್ ಆಯಿತು. ಗರ್ಭಕೋಶ ತೆಗೆದರು. ಆದರೆ ತಡವಾಗಿದ್ದರಿಂದ ಮೂತ್ರಕೋಶದ ಬಿಗಿ ಪೂರ್ತಿ ವಾಪಸು ಬರಲಿಲ್ಲ. ಕೆಮ್ಮಿದರೆ, ನಕ್ಕರೆ ಒದ್ದೆ. ಆಮೇಲೆ ಬದುಕಿದ ಮೂರು ವರ್ಷವೂ ಅವಳು ದೇವಸ್ಥಾನದ ಒಳಗೆ ಹೋಗಲಿಲ್ಲ, ಮೆಟ್ಟಿಲ ಹತ್ತಿರ ನಿಂತು ಕೈಮುಗಿದು ಬರುತ್ತಿದ್ದಳು. ಎರಡು ವರ್ಷ ಮುಂಚೆ ಬಂದಿದ್ದರೆ ಇದಿರುತ್ತಿರಲಿಲ್ಲ ಅಂತ ಡಾಕ್ಟರಮ್ಮ ಹೇಳಿದ್ದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಈಗ ಬರೆದೆ.

ಆಪರೇಷನ್ ದಿನ ಹೊರಗೆ ಕಾಯುವಾಗ ದೊಡ್ಡಪ್ಪ, ನನ್ನ ಕಡೆ ನೋಡದೆ, "ಅವತ್ತು ನನ್ನ ಎಳನೀರಿಗೆ ಕಳಿಸಿದ್ದು ಎರಿಗೆ ಲೆಕ್ಕ ಏಳಾಕೆ ಅಲ್ವಾ?" ಅಂದರು.

ನಾನು ಅವರ ಕಡೆ ತಿರುಗಿದೆ.

"ನಂಗೆ ಅತ್ತು ವರ್ಷದವನಿದ್ದಾಗ್ಲೇ ಗೊತ್ತು ಕಣವ್ವ. ಗೋಲಿ ಆಡೋವಾಗ ಯಾವನೋ ಜಗಳಕ್ಕೆ ಬಂದು ಅಂದ, ನಿಮ್ಮವ್ವ ಸತ್ತೋಗವ್ಳೆ ಅಂತ. ಮನೆಗೆ ಬಂದು ನೋಡ್ದೆ, ಒಲೆ ಮುಂದೆ ಕೂತು ನಂಗೆ ರೊಟ್ಟಿ ತಟ್ತಾ ಅವ್ಳೆ. ನಂಗೊತ್ತು ಅಂತ ಅವ್ವಂಗೆ ಗೊತ್ತಾಗ್ಬಾರ್ದು. ನೀನೂ ಏಳ್ಬ್ಯಾಡ."

ಹೇಳಲಿಲ್ಲ. ಹೋದ ವರ್ಷ ಅಜ್ಜಿ ತೀರಿಕೊಂಡಳು. ತಿಂಗಳುಗಟ್ಟಲೆ ಬರೆದು ಹರಿದು, ಕೊನೆಗೆ ಈ ಹಾಳೆಗಳನ್ನು ಪತ್ರಿಕೆಗೆ ಕಳಿಸುವ ಮುಂಚೆ ದೊಡ್ಡಪ್ಪನ ಕೈಗೆ ಕೊಟ್ಟೆ. ಬೇಡ ಅಂದರೆ ಒಲೆಗೆ ಹಾಕುವವಳಿದ್ದೆ. ಜಗಲಿಯ ಮೇಲೆ ಕೂತು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದರು. ಪೆನ್ನು ಕೇಳಿದರು. ಒಂದು ಕಡೆ ನಾನು 'ಸಾಕಿದ ತಾಯಿ' ಅಂತ ಬರೆದಿದ್ದೆ. 'ಸಾಕಿದ' ಅನ್ನುವುದನ್ನು ಹೊಡೆದುಹಾಕಿ ಹಾಳೆ ವಾಪಸು ಕೊಟ್ಟರು. ಆ ವಾಕ್ಯವನ್ನೇ ಪೂರ್ತಿ ತೆಗೆದಿದ್ದೇನೆ.

"ಆಕಿಸ್ಕೊ," ಅಂದರು. "ಇನ್ನೇನು, ಅವ್ವ ಇಲ್ವಲ್ಲ."

ಅವರು ಜಗಲಿಯಿಂದ ಏಳುವ ಮುಂಚೆ ಒಂದು ಪ್ರಶ್ನೆ ಕೇಳಿದೆ. ಉತ್ತರ ಬರುವವರೆಗೂ ಇದನ್ನು ಕಳಿಸಬಾರದು ಅಂತ ವಾರ ಕಾದೆ, ಬರಲಿಲ್ಲ. ಹಾಗಾಗಿ ಇಲ್ಲಿ ಮತ್ತೆ ಕೇಳುತ್ತಿದ್ದೇನೆ. ದೊಡ್ಡಪ್ಪ, ಅವತ್ತು ಆ ಸಾಲಿನಲ್ಲಿ ನಿಂತು ಆ ಲೆಕ್ಕ ಹಾಕಿದ್ದು ನಾನಲ್ಲದೆ ಬೇರೆ ಯಾರಾದರೂ ಆಗಿದ್ದರೆ, ನೀವು 'ಔದು' ಅನ್ನುತ್ತಿದ್ದಿರಾ?